ರಾಹುಕಾಲ ನೋಡುವ ಕಂಪ್ಯೂಟರ್

ಹೊಳೆನರಸೀಪುರದಲ್ಲಿ ನೀಲಾಂಬಿಕೆ ಟೀಚರ್ ಮನೆ ಯಾವುದು ಎಂದು ಕೇಳಿದರೆ ಎದುರುಮನೆಯವರೂ ತಲೆ ಕೆರೆದುಕೊಳ್ಳುತ್ತಾರೆ. ಕಂಪ್ಯೂಟರ್ ಮೇಡಂ ಮನೆ ಎನ್ನಿ, ಹಾಲು ಹಾಕುವವನು ಗಾಡಿ ನಿಲ್ಲಿಸಿ ಬಾಗಿಲವರೆಗೂ ಬಿಟ್ಟು ಬರುತ್ತಾನೆ. ಗಣಿತದಲ್ಲಿ ಬಿ.ಎಸ್ಸಿ., ಅದರ ಮೇಲೆ ಬಿ.ಎಡ್. ಮಾಡಿಕೊಂಡು, ಸೀಮೆಸುಣ್ಣ ಹಿಡಿಯಲೆಂದೇ ಕೊಣನೂರಿನ ತವರಿನಿಂದ ಹೊರಟ ಹೆಣ್ಣುಮಗಳಿಗೆ ಈ ಹೆಸರು ಅಂಟಿಕೊಂಡದ್ದು ಅವಳದೇ ತಪ್ಪಿನಿಂದ. ಯಾರನ್ನೂ ದೂರುವ ಹಾಗಿಲ್ಲ.

ತಪ್ಪು ಇಷ್ಟೆ. ಹನ್ನೊಂದು ವರ್ಷದ ಹಿಂದೆ ಟ್ರಸ್ಟಿನ ಹೈಸ್ಕೂಲಿಗೆ ಗಣಿತದ ಟೀಚರಾಗಿ ಸೇರಿದ ಮೂರನೆಯ ದಿನ ಲ್ಯಾಬಿನ ಕಂಪ್ಯೂಟರುಗಳು ಕೈಕೊಟ್ಟವು. ಹೆಡ್‌ಮಾಸ್ಟರು, ಡ್ರಿಲ್ ಮೇಷ್ಟ್ರು, ಹಿಂದಿ ಮೇಡಂ ಎಲ್ಲರೂ ಸುತ್ತ ನಿಂತು ಅಯ್ಯೋ ಪಾಪ ಎನ್ನುತ್ತಿದ್ದರು. ಅವರ ಜೊತೆ ಇವಳೂ ನಿಂತು ಅಯ್ಯೋ ಪಾಪ ಅಂದಿದ್ದರೆ ಇಷ್ಟು ಹೊತ್ತಿಗೆ ಹತ್ತು ಬ್ಯಾಚಿನ ಮಕ್ಕಳಿಗೆ ಪೈಥಾಗೊರಸ್ ಹೇಳಿಕೊಟ್ಟಿರುತ್ತಿದ್ದಳು. ಅದು ಬಿಟ್ಟು ಸೆರಗು ಸಿಕ್ಕಿಸಿಕೊಂಡು ಮೇಜಿನ ಕೆಳಗೆ ನುಗ್ಗಿದಳು. ಅರ್ಧ ಗಂಟೆಯಲ್ಲಿ ಎಲ್ಲವೂ ಓಡತೊಡಗಿದವು. ಒಂದು ವಾರದ ಮಟ್ಟಿಗೆ ಲ್ಯಾಬ್ ನೋಡಿಕೊಳ್ಳಿ ಅಂದರು. ಆ ವಾರ ಇನ್ನೂ ಮುಗಿದಿಲ್ಲ.

ಟ್ರಸ್ಟಿಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕು ತಾಲ್ಲೂಕುಗಳಲ್ಲಿ ಹದಿನಾಲ್ಕು ಹೈಸ್ಕೂಲುಗಳು. ಎಲ್ಲ ಕಡೆಯೂ ಯಾರೋ ಬಳಸಿ ಬಿಟ್ಟ, ದಾನವಾಗಿ ಬಂದ ಕಂಪ್ಯೂಟರುಗಳು. ಅವಕ್ಕೆ ದುಡ್ಡು ಕೊಟ್ಟು ಕೊಳ್ಳುವ ಸಿಸ್ಟಮ್ ಹಾಕುವ ಚೈತನ್ಯ ಟ್ರಸ್ಟಿಗೆ ಇರಲಿಲ್ಲ. ಹಾಗಾಗಿ ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಿಕೊಳ್ಳಬಹುದಾದ ಲಿನಕ್ಸ್ ಹಾಕಿದಳು. ಮಕ್ಕಳಿಗೆ ಬೇಕಾದ ಕನ್ನಡ ಅಕ್ಷರ, ಟೈಪಿಂಗ್ ಪಾಠ, ಪ್ರಶ್ನೆಗಳ ಕಂತೆ ಎಲ್ಲವನ್ನೂ ಸೇರಿಸಿ ಒಂದು ಪ್ಯಾಕೇಜ್ ಕಟ್ಟಿದಳು. ಪ್ಯಾಕೇಜ್ ಎಂದರೆ ಒಂದು ಗಂಟು. ಗಂಟನ್ನು ಮೆಷಿನ್ನಿನೊಳಗೆ ಹೇಗೆ ಬಿಚ್ಚಬೇಕು, ಯಾವುದನ್ನು ಎಲ್ಲಿಡಬೇಕು ಎಂದು ಅದರ ಜೊತೆಗೇ ಬರೆದಿಡುವ ಚೀಟಿಗೆ ಸ್ಕ್ರಿಪ್ಟ್ ಅನ್ನುತ್ತಾರೆ. ಒಳಗೆ ಬರುವಾಗ ಓಡುವುದು ಒಂದು ಸ್ಕ್ರಿಪ್ಟ್, ಜಾಗ ಬಿಟ್ಟು ಹೋಗುವಾಗ ಓಡುವುದು ಇನ್ನೊಂದು. ಇಂಟರ್ನೆಟ್ಟಿನಲ್ಲಿ ಓದಿ ಓದಿ, ಕೆಡಿಸಿ ಕೆಡಿಸಿ, ಎರಡನ್ನೂ ಅವಳೇ ಬರೆದಳು.

ಇಲ್ಲಿ ಟ್ರಸ್ಟಿನ ಕಾರ್ಯದರ್ಶಿ ಪಟ್ಟಾಭಿರಾಮರನ್ನು ಪರಿಚಯ ಮಾಡಿಕೊಡಬೇಕು. ಪೇಟೆಯ ದೇವಸ್ಥಾನದ ಬೀದಿಯ ಹಳೆಯ ಮನೆತನ, ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಟ್ರಸ್ಟಿನ ಒಂದು ಲೋಟ ಕಾಫಿಯನ್ನೂ ಪುಕ್ಕಟೆ ಕುಡಿದವರಲ್ಲ. ಅವರದು ಒಂದೇ ಹಟ: ರಾಹುಕಾಲದಲ್ಲಿ ಯಾವ ಕೆಲಸವೂ ಶುರುವಾಗಬಾರದು. ಮೊದಲ ಶಾಲೆಯಲ್ಲಿ ಪ್ಯಾಕೇಜ್ ಹಾಕುವ ದಿನ ಅವಳು ಕೀಲಿ ಒತ್ತುವ ಹೊತ್ತಿಗೆ ಸರಿಯಾಗಿ ಬಂದು ಕೈ ಅಡ್ಡ ಹಿಡಿದಿದ್ದರು. ಬುಧವಾರ, ಹನ್ನೆರಡು ಗಂಟೆ ಐದು ನಿಮಿಷ. ಒಂದೂವರೆಯವರೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತರು. ಉಳಿದ ಶಾಲೆಗಳಲ್ಲೂ ಇದೇ ಕಥೆ. ಹೆಡ್‌ಮಾಸ್ಟರುಗಳು ಕ್ಯಾಲೆಂಡರ್ ಹಿಡಿದುಕೊಂಡು ಅವಳಿಗೆ ಫೋನ್ ಮಾಡುವರು.

ನೀಲಾಂಬಿಕೆಗೆ ಆಗ ಇಪ್ಪತ್ತೆಂಟು ವರ್ಷ, ಹೊಸ ಹುರುಪು. ಒಂದು ಸಂಜೆ ಕೂತು ರಾಹುಕಾಲವನ್ನೇ ಸ್ಕ್ರಿಪ್ಟಿನೊಳಗೆ ಬರೆದುಬಿಟ್ಟಳು. ಮೆಷಿನ್ ತಾನಾಗಿ ವಾರ ನೋಡುತ್ತದೆ, ಗಂಟೆ ನೋಡುತ್ತದೆ, ರಾಹುಕಾಲವಾಗಿದ್ದರೆ 'ಈಗ ರಾಹುಕಾಲ, ದಯವಿಟ್ಟು ಆಮೇಲೆ ಬನ್ನಿ' ಎಂದು ಕನ್ನಡದಲ್ಲಿ ತೋರಿಸಿ ಸುಮ್ಮನಾಗುತ್ತದೆ. ಪಟ್ಟಾಭಿರಾಮರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಂದ ಅತಿಥಿಗಳಿಗೆಲ್ಲ ಅದನ್ನೇ ತೋರಿಸಿದರು. ಹಾಕುವುದು ಹೇಗೆ ಕಾರ್ಯವೋ ತೆಗೆಯುವುದೂ ಹಾಗೇ ಅಲ್ಲವೇನಮ್ಮ ಎಂದು ಒಂದು ದಿನ ಕೇಳಿದರು. ಸರಿ, ಹೋಗುವ ಸ್ಕ್ರಿಪ್ಟಿಗೂ ಅದೇ ತಪಾಸಣೆಯನ್ನು ಸೇರಿಸಿದಳು. ಅಲ್ಲಿ ಸಂದೇಶ ಯಾರು ಓದುತ್ತಾರೆ ಎಂದು ಅದನ್ನು ಬರೆಯುವ ಗೋಜಿಗೆ ಹೋಗಲಿಲ್ಲ. ಆಮೇಲೆ ಮರೆತೂಬಿಟ್ಟಳು.

ಮರೆಯದೆ ಇನ್ನೇನು? ದಿನಕ್ಕೆ ಇಪ್ಪತ್ತು ಫೋನು. ಅರಕಲಗೂಡಿನಲ್ಲಿ ಮೌಸ್ ಓಡುತ್ತಿಲ್ಲ, ಚನ್ನರಾಯಪಟ್ಟಣದಲ್ಲಿ ಅಕ್ಷರ ಚೌಕ ಚೌಕವಾಗಿ ಕಾಣುತ್ತಿದೆ, ಇನ್ನೊಂದು ಊರಿನಲ್ಲಿ ಇಲಿ ವೈರ್ ಕಡಿದಿದೆ. ಊಟದ ತಟ್ಟೆ ಮುಂದೆ ಫೋನು, ನಾದಿನಿಯ ಮದುವೆಯ ಧಾರೆಯಲ್ಲಿ ಫೋನು. ಗಂಡ ಬಸವೇಶ ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರು, ಪೈಪಿನ ಅಂಗಡಿ ಇಟ್ಟವನು, ತಾಳ್ಮೆಯವನು. ಅವನೇ ಒಂದು ಸಲ, ನಿನಗೆ ಈ ಕೆಲಸ ಇಷ್ಟ ಇದ್ದರೆ ಮಾಡು, ಇಲ್ಲದಿದ್ದರೆ ಬಿಡು, ಆದರೆ ಇಷ್ಟ ಇಲ್ಲದ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಬೇಡ ಅಂದಿದ್ದ. ಅವಳಿಗೆ ಸಿಟ್ಟು ಬಂದಿತ್ತು. ಕೆಟ್ಟದಾಗಿ ಮಾಡುವುದು ಹೇಗೆ ಎಂಬುದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕ್ಲಾಸು ಕೊಡಿ ಎಂದು ಅರ್ಜಿ ಬರೆದಳು. ಒಂದಲ್ಲ, ಏಳು. ಮೂರು ವರ್ಷದ ಹಿಂದೆ ಆರನೆಯ ಅರ್ಜಿ ಇನ್ನೇನು ಕೈಗೂಡಿತು ಅನ್ನುವಾಗ, ಪರೀಕ್ಷೆಯ ಹಿಂದಿನ ದಿನ ಅರಕಲಗೂಡು ಕಡೆಯ ಐದು ಲ್ಯಾಬುಗಳು ಒಟ್ಟಿಗೆ ಮಲಗಿದವು. ಬಸ್ಸಿನಲ್ಲಿ ಕೂತೇ ಫೋನಿನಲ್ಲಿ ಹೇಳಿ ಹೇಳಿ ನಾಲ್ಕನ್ನು ಎಬ್ಬಿಸಿ, ಐದನೆಯದಕ್ಕೆ ಖುದ್ದು ಹೋದಳು. ಮರುದಿನ ಪಟ್ಟಾಭಿರಾಮರು ಶಾಲು ಹೊದಿಸಿ ಹಣ್ಣು ಕೊಟ್ಟರು. ನಿಮ್ಮನ್ನು ಬಿಟ್ಟರೆ ನಮಗೆ ಯಾರಮ್ಮ ಗತಿ ಅಂದರು. ಅರ್ಜಿಯ ಮಾತು ಅಲ್ಲಿಗೆ ಮುಗಿಯಿತು. ಆ ಶಾಲನ್ನು ಅವಳು ಒಂದು ದಿನವೂ ಹೊದೆಯಲಿಲ್ಲ.

ಈ ಜೂನಿನಲ್ಲಿ ಏಳನೆಯ ಅರ್ಜಿಗೆ ಉತ್ತರ ಬಂತು. ಲ್ಯಾಬುಗಳ ಸಿಸ್ಟಮ್ ಹಳೆಯದಾಗಿ ಹೊಸ ಪ್ಯಾಕೇಜ್ ಹಾಕಲೇಬೇಕಾಗಿತ್ತು. ಜೊತೆಗೆ ಲ್ಯಾಬ್ ಕೆಲಸಕ್ಕೆಂದು ಟ್ರಸ್ಟು ಇನ್ನೊಬ್ಬರನ್ನು ತೆಗೆದುಕೊಂಡಿತ್ತು. ಪಟ್ಟಾಭಿರಾಮರು ಅವಳನ್ನು ಕರೆಸಿ ಹೇಳಿದರು:

"ನೋಡಮ್ಮ, ಕಟ್ಟಾಯದಲ್ಲಿ ಒಂದು ಜಾಗ ಖಾಲಿ ಇದೆ. ಶನಿವಾರದೊಳಗೆ ಹದಿನಾಲ್ಕೂ ಕಡೆ ಹೊಸದು ಓಡ್ಲಿ, ಸೋಮವಾರದಿಂದ ನೀವು ಕ್ಲಾಸಿಗೆ ಹೋಗಿ. ಏನಾದ್ರೂ ಏರುಪೇರಾದ್ರೆ ಮಾತ್ರ ನಿಮ್ಮನ್ನ ಬಿಡೋದು ಕಷ್ಟ."

ಹೊಸದಾಗಿ ಬಂದವರು ಕಾಂತರಾಜು. ದಂಡಿಗನಹಳ್ಳಿಯವರು, ವಯಸ್ಸು ಐವತ್ತರ ಹತ್ತಿರ. ಚನ್ನರಾಯಪಟ್ಟಣದಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿ, ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ, ಕಂಪ್ಯೂಟರ್ ಕಲಿತು ಬಂದವರು. ಬೆರಳು ಬಹಳ ಚುರುಕು, ತಲೆ ನಿಧಾನ. ಏನು ಹೇಳಿದರೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವರು. ಅವರನ್ನು ನೋಡಿದಾಗಲೆಲ್ಲ ನೀಲಾಂಬಿಕೆಗೆ ಎದೆ ಕುಸಿಯುತ್ತಿತ್ತು. ಇವರನ್ನು ನಂಬಿ ತನ್ನನ್ನು ಯಾರು ಬಿಟ್ಟಾರು ಎಂದು.

ಹೊಸ ಪ್ಯಾಕೇಜನ್ನು ಅವಳು ಅಚ್ಚುಕಟ್ಟಾಗಿ ಕಟ್ಟಿದಳು. ಕೈ ಬದಲಾಗುವ ವಸ್ತು ಶುದ್ಧವಾಗಿರಲಿ ಎಂದು ರಾಹುಕಾಲವನ್ನು ಪೂರಾ ಕಿತ್ತುಹಾಕಿದಳು. ಪಟ್ಟಾಭಿರಾಮರನ್ನು ಕೇಳಲಿಲ್ಲ, ಕೇಳಿದ್ದರೆ ಒಪ್ಪುತ್ತಲೂ ಇರಲಿಲ್ಲ. ರಾಹುಕಾಲ ಹೋದ ಮೇಲೆ ಹೋಗುವ ಸ್ಕ್ರಿಪ್ಟಿನಲ್ಲಿ ಬರೆಯಲು ಏನೂ ಉಳಿಯಲಿಲ್ಲವಾದ್ದರಿಂದ ಹೊಸ ಗಂಟಿನಲ್ಲಿ ಆ ಸ್ಕ್ರಿಪ್ಟನ್ನೇ ಇಡಲಿಲ್ಲ. ಇಷ್ಟು ವರ್ಷ ಹೊಸದು ಬಂದಾಗಲೆಲ್ಲ ಮೆಷಿನ್ನನ್ನು ಪೂರ್ತಿ ಒರೆಸಿ ಮೊದಲಿನಿಂದ ತುಂಬುತ್ತಿದ್ದಳು. ಈ ಸಲ ಆರೇ ದಿನ, ಹದಿನಾಲ್ಕು ಶಾಲೆ, ಒಳಗೆ ಮಕ್ಕಳು ಮಾಡಿಟ್ಟ ಕೆಲಸ ಬೇರೆ. ಅದಕ್ಕೇ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಹಾಕುವುದೆಂದು ತೀರ್ಮಾನಿಸಿದಳು.

ಸೋಮವಾರ ಕಟ್ಟಾಯದಿಂದಲೇ ಶುರು. ಹತ್ತು ಮೆಷಿನ್ನಿನಲ್ಲೂ ಹೂವೆತ್ತಿದ ಹಾಗೆ ಕೆಲಸವಾಯಿತು. ಪಕ್ಕದ ಕೋಣೆಯಲ್ಲಿ ಹತ್ತನೆಯ ಕ್ಲಾಸಿನ ಮಕ್ಕಳು ಗದ್ದಲ ಮಾಡುತ್ತಿದ್ದರು. ಗಣಿತದ ಮೇಷ್ಟ್ರು ನಿವೃತ್ತರಾದ ಮೇಲೆ ಆ ಪೀರಿಯಡ್ಡಿಗೆ ಯಾರೂ ಇಲ್ಲವಂತೆ. ನೀಲಾಂಬಿಕೆ ಸುಮ್ಮನೆ ಇಣುಕಿದವಳು ಒಳಗೇ ಹೋದಳು. ಬೋರ್ಡಿನ ಮೇಲೆ ಒಂದು ತ್ರಿಭುಜ ಬರೆದಳು. ಇಪ್ಪತ್ತು ನಿಮಿಷ ಹೇಗೆ ಹೋಯಿತೋ ಅವಳಿಗೆ ಗೊತ್ತಾಗಲಿಲ್ಲ. ಹೊರಡುವಾಗ ಮೊದಲ ಬೆಂಚಿನ ಹುಡುಗಿ, ನಾಳೆಯೂ ಬರುತ್ತೀರಾ ಮೇಡಂ ಎಂದು ಕೇಳಿತು. ಸೋಮವಾರದಿಂದ ಬರುತ್ತೇನೆ ಎಂದು ಮಾತು ಕೊಟ್ಟುಬಿಟ್ಟಳು. ಕೊಡಬಾರದಿತ್ತು. ಬಸ್ಸಿನಲ್ಲಿ ಕೂತಾಗ ಬೆರಳಿಗೆ ಅಂಟಿದ ಸೀಮೆಸುಣ್ಣವನ್ನು ಅವಳು ಒರೆಸಿಕೊಳ್ಳಲಿಲ್ಲ.

ಮಂಗಳವಾರ ಎರಡು ಶಾಲೆ ಮುಗಿದವು. ಬುಧವಾರ ಕೊಣನೂರಿನಲ್ಲಿ ಗ್ರಹಚಾರ ವಕ್ಕರಿಸಿತು. ಇಪ್ಪತ್ತು ಮೆಷಿನ್ನುಗಳಲ್ಲಿ ಹದಿನೇಳು ಸರಾಗವಾಗಿ ಹೊಸದನ್ನು ತೆಗೆದುಕೊಂಡವು, ಮೂರು ತೆಗೆದುಕೊಳ್ಳಲಿಲ್ಲ. ಹಳೆಯ ಪ್ಯಾಕೇಜ್ ಜಾಗ ಬಿಡಲು ನಿರಾಕರಿಸಿದೆ, ಹೊಸ ಪ್ಯಾಕೇಜಿನಲ್ಲಿ ಹೋಗುವ ಸ್ಕ್ರಿಪ್ಟ್ ಇಲ್ಲ, ಆದ್ದರಿಂದ ಕೈಬಿಡುತ್ತಿದ್ದೇನೆ ಎಂಬರ್ಥದ ಎರಡು ಸಾಲು ಬಂದು ನಿಂತಿತು. ಯಾಕೆ ನಿರಾಕರಿಸಿದೆ ಎಂಬುದಕ್ಕೆ ಒಂದಕ್ಷರದ ವಿವರಣೆಯೂ ಇಲ್ಲ. ಹಳೆಯದನ್ನೇ ಕಿತ್ತುಹಾಕೋಣವೆಂದರೆ ಅದೂ ಆಗದು. ಹೊಸದು ಒಳಗೆ ಬರಲಿಲ್ಲ, ಹಳೆಯದು ಹೊರಗೆ ಹೋಗಲಿಲ್ಲ, ಎರಡರ ನಡುವೆ ಸಿಕ್ಕಿಕೊಂಡು ಮಕ್ಕಳ ಪಾಠವೂ ತೆರೆಯದ ಸ್ಥಿತಿಗೆ ಮೆಷಿನ್ ಬಂತು. ಆರಿಸಿ ಹಾಕಿದರೂ ಅದೇ. ಕೊಣನೂರಿನ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, ಇದ್ದದ್ದೂ ಹೋಯಿತಲ್ಲ ಮೇಡಂ ಎಂದರು. ತವರೂರು. ಅಮ್ಮನ ಮನೆ ಕೂಗಳತೆಯಲ್ಲಿದ್ದರೂ ಅವಳು ಹೋಗಲಿಲ್ಲ. ನಾಲ್ಕು ಗಂಟೆಯ ಬಸ್ಸು ತಪ್ಪಿತು, ಐದರದ್ದೂ ತಪ್ಪಿತು. ಕಾಂತರಾಜು ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಏನೇನೋ ಬರೆದುಕೊಳ್ಳುತ್ತಲೇ ಇದ್ದರು. ಆ ಪೆನ್ನಿನ ಸದ್ದು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಗುರುವಾರ ದಂಡಿಗನಹಳ್ಳಿಯಲ್ಲಿ ಹನ್ನೆರಡರಲ್ಲಿ ನಾಲ್ಕು ಅದೇ ರೀತಿ ಕೈಕೊಟ್ಟವು. ಬೆಳಿಗ್ಗೆಯಿಂದ ಪಟ್ಟಾಭಿರಾಮರ ಎರಡು ಫೋನು ಬಂದಿತ್ತು. ಕೊಣನೂರಿನ ಸುದ್ದಿ ಅವರಿಗೆ ಮುಟ್ಟಿತ್ತು. ಅವರೇನೂ ಬೈಯಲಿಲ್ಲ. ಇಷ್ಟಕ್ಕೇ ಧೈರ್ಯಗೆಡಬೇಡಿ, ಈ ವರ್ಷ ಆಗದಿದ್ದರೆ ಬರುವ ವರ್ಷ ನೋಡೋಣ ಎಂದು ಸಮಾಧಾನ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೀಲಾಂಬಿಕೆ ಲ್ಯಾಬಿನ ಕಬ್ಬಿಣದ ಕುರ್ಚಿಯಲ್ಲಿ ಕೂತು, ನಿವೃತ್ತಿಯಾಗುವವರೆಗೂ ತಾನು ಇಂಥದೇ ಕುರ್ಚಿಯಲ್ಲಿ ಇಂಥದೇ ಎರಡು ಸಾಲು ಓದುತ್ತಿರುತ್ತೇನೆ ಎಂದು ಖಚಿತ ಮಾಡಿಕೊಂಡಳು. ಕೆಟ್ಟ ಮೆಷಿನ್ನುಗಳಿಗೂ ಒಳ್ಳೆಯ ಮೆಷಿನ್ನುಗಳಿಗೂ ಏನು ವ್ಯತ್ಯಾಸವೆಂದು ಎಷ್ಟು ಹುಡುಕಿದರೂ ಸಿಕ್ಕುತ್ತಿರಲಿಲ್ಲ. ಕೊನೆಗೆ, ನಿಮ್ಮ ಪುಸ್ತಕವನ್ನಾದರೂ ಕೊಡಿ ಮೇಷ್ಟ್ರೆ ಎಂದು ಸಿಡುಕಿ ಕಾಂತರಾಜು ಅವರ ಕೈಯಿಂದ ನೋಟ್‌ಬುಕ್ಕನ್ನು ಎಳೆದುಕೊಂಡಳು.

ಮುತ್ತಿನಂಥ ಅಕ್ಷರ. ಶಾಲೆ, ಮೆಷಿನ್ ನಂಬರು, ಮಾಡಿದ್ದೇನು, ಆದದ್ದೇನು, ಪಕ್ಕದಲ್ಲಿ ವಾರ ಮತ್ತು ಗಂಟೆ. ಟೈಪಿಂಗ್ ಪರೀಕ್ಷೆಗೆ ಹೊತ್ತು ಬರೆದುಕೊಂಡು ರೂಢಿಯಾದ ಕೈ. ಆದರೆ ಬರೆದದ್ದು ಒಂದೂ ಸರಿಯಿಲ್ಲ. ಬುಧವಾರ ಕೊಣನೂರಿನಲ್ಲಿ ಮಾಡಿದ ಕೆಲಸದ ಎದುರು ಮಂಗಳವಾರ ಮೂರೂ ನಲವತ್ತು ಎಂದಿದೆ. ಇವತ್ತು ಗುರುವಾರ, ಇಲ್ಲಿ ಶನಿವಾರ ಒಂಬತ್ತೂ ಕಾಲು ಎಂದಿದೆ. ವಾರ ಯಾವುದು ಅನ್ನುವುದೂ ಗೊತ್ತಾಗುವುದಿಲ್ಲವೇ ನಿಮಗೆ ಎಂದು ಅವಳು ಗದರಿದಳು.

ಕಾಂತರಾಜು ಬೇಜಾರು ಮಾಡಿಕೊಳ್ಳಲಿಲ್ಲ. "ನಾನೇನ್ ಮಾಡ್ಲಿ ಮೇಡಂ, ಆ ಮಿಷನ್ನಾಗೆ ಅಂಗೇ ತೋರುಸ್ತದೆ. ನಮ್ ಗಡಿಯಾರ ನೋಡಿ ಬರೀಬಾರ್ದು, ಮಿಷನ್ದೇ ಬರೀಬೇಕು ಅಂತ ಬರ್ಕೊಂಡೆ ಕಣ್ರೀ."

ಅವಳು ಮತ್ತೆ ಪುಟ ನೋಡಿದಳು. ಕೈಕೊಟ್ಟ ಏಳು ಮೆಷಿನ್ನುಗಳ ಎದುರಿನ ಏಳು ಹೊತ್ತುಗಳು. ಮಂಗಳವಾರ ಮೂರೂ ನಲವತ್ತು. ಶನಿವಾರ ಒಂಬತ್ತೂ ಕಾಲು. ಶುಕ್ರವಾರ ಹನ್ನೊಂದು. ಸೋಮವಾರ ಎಂಟು. ಉಳಿದ ಮೂರೂ ಇಂಥವೇ. ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಪಟ್ಟಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ನೋಡುವುದೇ. ಏಳಕ್ಕೆ ಏಳೂ ರಾಹುಕಾಲ.

ಹನ್ನೊಂದು ವರ್ಷದ ಹಿಂದಿನ ಆ ಸಂಜೆ ಅವಳಿಗೆ ಪೂರ್ತಿಯಾಗಿ ನೆನಪಾಯಿತು. ಹೊಸದು ಬರಬೇಕಾದರೆ ಹಳೆಯದು ಎದ್ದು ಹೋಗಬೇಕು. ಹೋಗುವ ಮುಂಚೆ ಅದು ರಾಹುಕಾಲ ನೋಡುತ್ತದೆ. ಇದ್ದರೆ ಬಾಯಿಬಿಡದೆ ಕೂತುಬಿಡುತ್ತದೆ. ಸರಿಯಾದ ಗಂಟೆ ತೋರಿಸುವ ಮೆಷಿನ್ನಾಗಿದ್ದರೆ ಒಂದೂವರೆ ಗಂಟೆಯಲ್ಲಿ ತಾನಾಗಿ ದಾರಿಗೆ ಬರುತ್ತಿತ್ತು. ಇವು ಒಳಗಿನ ಸೆಲ್ ಸತ್ತ ಮುದಿ ಮೆಷಿನ್ನುಗಳು, ಕರೆಂಟು ಹೋದರೆ ಗಂಟೆ ಮರೆಯುವಂಥವು. ಅದಕ್ಕೂ ಅವಳೇ ಒಂದು ಉಪಾಯ ಮಾಡಿಟ್ಟಿದ್ದಳು: ಆರಿಸುವಾಗ ಗಂಟೆ ಎಷ್ಟೆಂದು ಬರೆದಿಟ್ಟುಕೊಳ್ಳುವುದು, ಹಾಕಿದಾಗ ಅಲ್ಲಿಂದಲೇ ಮುಂದುವರಿಯುವುದು. ಅಂದರೆ ರಾಹುಕಾಲದಲ್ಲಿ ಮಲಗಿದ ಮೆಷಿನ್ ರಾಹುಕಾಲದಲ್ಲೇ ಏಳುತ್ತದೆ. ಕೆಟ್ಟವನ್ನು ಅವಳು ಆರಿಸಿಟ್ಟು, ನಡುನಡುವೆ ಎರಡೆರಡು ನಿಮಿಷ ಮಾತ್ರ ಹಾಕಿ ನೋಡಿದ್ದರಿಂದ ಅವುಗಳ ಗಂಟೆ ಮುಂದೆ ಸಾಗಿರಲೇ ಇಲ್ಲ. ದಂಡಿಗನಹಳ್ಳಿಯ ಮಕ್ಕಳಿಗೆ ಕಂಪ್ಯೂಟರ್ ಪಾಠ ವಾರಕ್ಕೆ ಒಂದೇ ಪೀರಿಯಡ್, ನಲವತ್ತು ನಿಮಿಷ. ಒಂದೂವರೆ ಗಂಟೆಯ ರಾಹುಕಾಲ ಇಲ್ಲಿ ಎರಡು ವಾರ ದಾಟಿದರೂ ಮುಗಿಯುವುದಿಲ್ಲ.

ಮೊದಲು ನಗು ಬಂತು, ಆಮೇಲೆ ನಾಚಿಕೆ. ನಾಚಿಕೆಯ ಹಿಂದೆಯೇ ಪರಿಹಾರವೂ ಹೊಳೆಯಿತು. ಒಂದೊಂದೇ ಮೆಷಿನ್ನಿನ ಗಂಟೆ ತಿದ್ದುತ್ತಾ ಹೋದರೆ ಶನಿವಾರಕ್ಕೆ ಮುಗಿಯುವ ಮಾತಲ್ಲ. ಆದರೆ ಲಿನಕ್ಸಿನಲ್ಲಿ ಒಂದು ನಿಯಮವಿದೆ. ಹಳೆಯ ಪ್ಯಾಕೇಜ್ ಜಾಗ ಬಿಡಲು ಒಪ್ಪದಿದ್ದರೆ ಸಿಸ್ಟಮ್ ಹೊಸದರ ಹೋಗುವ ಸ್ಕ್ರಿಪ್ಟನ್ನು ಹುಡುಕಿ, ಹಳೆಯದು ಹಟ ಮಾಡುತ್ತಿದೆ, ನೀನೇನು ಹೇಳುತ್ತೀಯ ಎಂದು ಕೇಳುತ್ತದೆ. ಅಡ್ಡಿಯಿಲ್ಲ ಎಂದು ಹೊಸದು ಹೇಳಿದರೆ ಸಾಕು, ಕೆಲಸ ಮುಂದೆ ಸಾಗುತ್ತದೆ. ಹೊಸ ಗಂಟಿನಲ್ಲಿ ಆ ಸ್ಕ್ರಿಪ್ಟನ್ನೇ ಇಡದೆ ಅವಳು ಉತ್ತರ ಕೊಡುವ ಬಾಯಿಯನ್ನೇ ಮುಚ್ಚಿದ್ದಳು. ನಾಲ್ಕು ಸಾಲು ಬರೆದರೆ ಆಯಿತು. ಹತ್ತು ನಿಮಿಷದ ಕೆಲಸ. ಅವಳ ಕೈ ಆಗಲೇ ಕೀಬೋರ್ಡಿನ ಮೇಲಿತ್ತು.

ಕೈ ಅಲ್ಲೇ ನಿಂತಿತು. ಮುಂದೆ ಆಗುವುದೆಲ್ಲ ಅವಳಿಗೆ ಬಾಯಿಪಾಠವಾಗಿ ಗೊತ್ತಿತ್ತು. ಈಗ ಹತ್ತು ನಿಮಿಷದಲ್ಲಿ ಸರಿಮಾಡುತ್ತಾಳೆ. ಸಂಜೆಯೊಳಗೆ ಹದಿನಾಲ್ಕು ಹೆಡ್‌ಮಾಸ್ಟರುಗಳಿಗೆ ಸುದ್ದಿ ಮುಟ್ಟುತ್ತದೆ. ಶನಿವಾರ ಇನ್ನೊಂದು ಶಾಲು. ನಿಮ್ಮನ್ನು ಬಿಟ್ಟರೆ ಯಾರಮ್ಮ ಗತಿ. ಹೊಸದು ಓಡಿದರೂ ಏರುಪೇರಾದದ್ದು ಆಗಿಹೋಗಿದೆ, ಅದನ್ನು ಸರಿಮಾಡಿದವಳು ಇವಳೊಬ್ಬಳೇ ಎಂದಾದ ಮೇಲೆ ಬಿಡುವವರು ಯಾರು? ಪ್ರತಿಸಲ ಅವಳನ್ನು ಒಳಗೆ ಹಾಕಿ ಚಿಲಕ ಎಳೆದುಕೊಂಡದ್ದು ಈ ಕೈಗಳೇ.

ಅವಳು ಎದ್ದಳು. ಕುರ್ಚಿಯನ್ನು ಕಾಂತರಾಜು ಅವರ ಕಡೆ ತಳ್ಳಿದಳು.

"ಮೇಷ್ಟ್ರೆ, ಕಾರಣ ಕಂಡುಹಿಡ್ದಿದ್ದು ನೀವು. ಸರಿಮಾಡೋದೂ ನೀವೇ. ಲಿನಕ್ಸ್ ಕೈಪಿಡೀಲಿ ಯಾವ ಪುಟ ಓದ್ಬೇಕು ಅಂತ ಅಷ್ಟು ಮಾತ್ರ ಹೇಳ್ತೀನಿ."

ಅವರು ಗಾಬರಿಯಾದರು. ನನ್ನ ಕೈಲಿ ಎಲ್ಲಿ ಆಗುತ್ತದೆ ಎಂದರು. ಅವಳು ಪುಟ ತೆಗೆದುಕೊಟ್ಟು, ಏನು ನಡೆಯುತ್ತಿದೆ ಎಂಬುದನ್ನು ಒಂದು ಸಲ ಬಿಡಿಸಿ ಹೇಳಿ, ಕಿಟಕಿಯ ಹತ್ತಿರ ಹೋಗಿ ನಿಂತುಕೊಂಡಳು. ನಂತರದ ಎರಡೂವರೆ ಗಂಟೆ ಅವಳ ಜೀವನದಲ್ಲೇ ಉದ್ದವಾದದ್ದು. ಅವರು ಒಂದು ಸಾಲು ಓದುವರು, ನೋಟ್‌ಬುಕ್ಕಿಗೆ ಇಳಿಸುವರು, ಮತ್ತೆ ಓದುವರು. ಮೊದಲ ಸಲ ಕಟ್ಟಿದ ಗಂಟು ಬಿಚ್ಚಲೇ ಇಲ್ಲ. ಎರಡನೆಯ ಸಲ ಸ್ಕ್ರಿಪ್ಟಿಗೆ ಓಡುವ ಅನುಮತಿ ಕೊಡುವುದನ್ನು ಮರೆತಿದ್ದರು. ತಪ್ಪು ಎಲ್ಲಿದೆ ಎಂದು ಅವಳಿಗೆ ಕಿಟಕಿಯಿಂದಲೇ ಕಾಣುತ್ತಿತ್ತು. ನಾಲಿಗೆ ಕಚ್ಚಿಕೊಂಡು ಹೊರಗಿನ ತೆಂಗಿನ ಮರಗಳನ್ನು ಎಣಿಸಿದಳು. ಮೂರನೆಯ ಸಲ, ನಾಲ್ಕು ಗಂಟೆ ದಾಟಿದ ಮೇಲೆ, ಹಟ ಹಿಡಿದ ನಾಲ್ಕೂ ಮೆಷಿನ್ನುಗಳು ಒಂದಾದ ಮೇಲೊಂದು ಹೊಸದನ್ನು ಒಳಗೆ ಬಿಟ್ಟುಕೊಂಡವು. ಕಾಂತರಾಜು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಟೈಪ್‌ರೈಟರುಗಳನ್ನು ಗುಜರಿಗೆ ಕೊಟ್ಟ ಮೇಲೆ ತಾನು ಯಾವ ಕೆಲಸಕ್ಕೂ ಬಾರದವನು ಅಂದುಕೊಂಡಿದ್ದೆ ಎಂದು ಹೇಳಿದರು. ಅದನ್ನು ಕೇಳಿ ನೀಲಾಂಬಿಕೆಗೆ ತನ್ನ ಲೆಕ್ಕಾಚಾರದ ಬಗ್ಗೆ ಸ್ವಲ್ಪ ಅಸಹ್ಯವೂ ಆಯಿತು. ಇವರನ್ನು ಮೇಲೆತ್ತುತ್ತಿದ್ದೇನೋ, ನನ್ನ ಜಾಗದಲ್ಲಿ ಕೂರಿಸಿ ಓಡುತ್ತಿದ್ದೇನೋ ಎಂದು. ಎರಡೂ ನಿಜವಾಗಿತ್ತು.

ಶುಕ್ರವಾರ ಅವಳು ಹೊಳೆನರಸೀಪುರ ಬಿಟ್ಟು ಅಲ್ಲಾಡಲಿಲ್ಲ. ಸರಿಮಾಡಿದ ಪ್ಯಾಕೇಜನ್ನು ಕಾಂತರಾಜು ತಮ್ಮ ಮೊಪೆಡ್ಡಿನಲ್ಲಿ ಊರೂರಿಗೆ ಒಯ್ದರು, ದೂರದ ಶಾಲೆಗಳವರಿಗೆ ಫೋನಿನಲ್ಲಿ ಹೇಳಿಕೊಟ್ಟು ಹಾಕಿಸಿದರು. ಅವಳ ಫೋನಿಗೆ ಬಂದ ಕರೆಗಳನ್ನೆಲ್ಲ ಅವರ ನಂಬರಿಗೆ ಕಳಿಸಿದಳು. ಮಧ್ಯಾಹ್ನದ ಮೇಲೆ ಫೋನ್ ಬರುವುದೇ ನಿಂತಿತು. ಹಾಳಾಗಿರಬೇಕೆಂದು ಒಂದು ಸಲ ಎತ್ತಿ ನೋಡಿದಳು, ಸರಿಯಾಗಿಯೇ ಇತ್ತು.

ಶನಿವಾರ ಒಂಬತ್ತಕ್ಕೇ ಟ್ರಸ್ಟಿನ ಆಫೀಸಿಗೆ ಹೋದರೆ ಹತ್ತೂವರೆಯವರೆಗೆ ಹೊರಗಿನ ಬೆಂಚಿನಲ್ಲಿ ಕೂರಬೇಕಾಯಿತು. ಯಾಕೆಂದು ಹೇಳಬೇಕಾಗಿಲ್ಲ. ಕರೆ ಬಂದಾಗ ಕಾಂತರಾಜು ಮೊದಲು ಒಳಗೆ ಹೋಗಿ ಹದಿನಾಲ್ಕೂ ಶಾಲೆಯ ವರದಿ ಕೊಟ್ಟರು. ಆಮೇಲೆ ಅವಳು ಹೋದಳು. ಪಟ್ಟಾಭಿರಾಮರು, ಇದೆಲ್ಲ ಯಾತರಿಂದ ಆದದ್ದಮ್ಮ ಎಂದು ಕೇಳಿದರು. ನೀವೇ ಹೇಳಿ ಬರೆಸಿದ್ದು ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಅದನ್ನು ಆಡಿದರೆ ಅವರು ನೊಂದುಕೊಳ್ಳುತ್ತಾರೆ, ನೊಂದುಕೊಂಡರೆ ಇನ್ನಷ್ಟು ಮಾತು, ಆ ಮಾತಿನ ಕೊನೆಗೆ ಮತ್ತೆ ಅವಳೇ ಏನಾದರೂ ಸರಿಮಾಡಿಕೊಡಬೇಕು.

"ತಪ್ಪು ನಂದೇ ಸಾರ್. ಹಳೇದ್ರಲ್ಲಿ ಬರೆದಿಟ್ಟಿದ್ದನ್ನ ನಾನು ಮರೆತಿದ್ದೆ. ಹಿಡ್ದಿದ್ದು, ಸರಿಮಾಡಿದ್ದು, ಎರಡೂ ಕಾಂತರಾಜು ಅವರು. ಅವರಿಲ್ದಿದ್ರೆ ಆಗ್ತಿರ್ಲಿಲ್ಲ."

ಪಟ್ಟಾಭಿರಾಮರು ವರದಿಯನ್ನು ಮಡಿಸಿ ಪಕ್ಕಕ್ಕಿಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇಷ್ಟು ದಿನ ಇದ್ದ ಒಂದು ಬೆಳಕು ಮಾತ್ರ ಆರಿತ್ತು. ವಯಸ್ಸಾಗುತ್ತಾ ಎಲ್ಲರಿಗೂ ಮರೆವು ಬರುತ್ತದೆ, ಪರವಾಗಿಲ್ಲ ಎಂದರು. ಕಾಂತರಾಜು ಬಹಳ ಸಮರ್ಥರು, ಇನ್ನು ಅವರೇ ಎಲ್ಲ ನೋಡಿಕೊಳ್ಳಲಿ ಎಂದರು. ಮೂವತ್ತೊಂಬತ್ತು ವರ್ಷದ ನೀಲಾಂಬಿಕೆ ತಲೆ ತಗ್ಗಿಸಿ ಹೂಂ ಅಂದಳು. ಹನ್ನೊಂದು ವರ್ಷ ಬಿಗಿಯಾಗಿ ಹಿಡಿದಿದ್ದ ಕೈ ಇಷ್ಟು ಸಲೀಸಾಗಿ ಬಿಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೇಳಿದ್ದು ಸಿಕ್ಕಿತ್ತು.

ಅವರು ಟ್ರಸ್ಟಿನ ಹೆಸರಿದ್ದ ಕಾಗದವನ್ನು ಮುಂದಕ್ಕೆಳೆದುಕೊಂಡು ಆದೇಶ ಬರೆಯತೊಡಗಿದರು. ಅವಳ ಹೆಸರು ಬರೆದರು, ಸೋಮವಾರದ ತಾರೀಖು ಬರೆದರು, ಕಟ್ಟಾಯ ಎಂದು ಬರೆದರು. ಅಲ್ಲಿಗೆ ಪೆನ್ನು ನಿಂತಿತು. ಕನ್ನಡಕದ ಮೇಲಿನಿಂದ ನೋಡುತ್ತಾ ಕೇಳಿದರು:

"ನಿಮ್ಮ ಸಬ್ಜೆಕ್ಟ್ ಯಾವುದಮ್ಮ?"

ತಮಾಷೆ ಇರಬೇಕೆಂದು ಅವಳು ಅವರ ಮುಖ ನೋಡಿದಳು. ತಮಾಷೆಯಲ್ಲ. ಏಳು ಅರ್ಜಿಗಳ ಮೊದಲನೆಯ ಸಾಲಿನಲ್ಲೇ ಅದನ್ನು ಬರೆದಿದ್ದಳು.

"ಗಣಿತ, ಸಾರ್."

"ಓ, ಗಣಿತವೇ," ಎಂದು ಅವರು ಸಮಾಧಾನದಿಂದ ಬರೆದುಕೊಂಡರು. "ಒಳ್ಳೇದೇ ಆಯ್ತು ಬಿಡಿ, ಅಲ್ಲಿಗೂ ಗಣಿತದವರೇ ಬೇಕಂತೆ."